ಬಾಣಂತಿ ಕೋಣೆಯಿಂದ ಮೂರು ಇಂಗ್ಲಿಷ್ ವಾಕ್ಯ

ಇಂಗ್ಲಿಷಿನ ‘ಎಕ್ಸೆಸಿವ್’ ಎಂಬ ಪದವನ್ನು ಜನ ಸಿಕ್ಕಸಿಕ್ಕಲ್ಲಿ ಎಸೆಯುವುದನ್ನು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಮೊನ್ನೆ ನೆರೆಮನೆಯಾಕೆ ಮಗಳ ಮದುವೆಯಲ್ಲಿ ತನಗೆ ಎಕ್ಸೆಸಿವ್ ಖುಷಿಯಾಯಿತು ಅಂದಳು. ‘ಎಷ್ಟು ಖುಷಿ ಆಗಬೇಕಿತ್ತವ್ವಾ? ಎಷ್ಟಕ್ಕೆ ನಿಲ್ಲಿಸಬೇಕಿತ್ತು?’ ಎಂದು ಕೇಳಿದೆ. ಆಕೆ ನನ್ನ ಮುಖ ನೋಡಿ, ಚಹಾ ತರುತ್ತೇನೆಂದು ಒಳಗೆ ಹೋದಳು. ಮುದುಕಿಯ ಕೊಂಕು ಅಂದುಕೊಂಡಿರಬೇಕು, ಅಂದುಕೊಳ್ಳಲಿ. ಆ ಒಂದು ಪದವನ್ನು ಸರಿಯಾದ ಜಾಗದಲ್ಲಿ ಇಡುವುದನ್ನು ಕಲಿಯುವುದಕ್ಕೆ ನಾನು ಮೂರು ದಿನ ಇಡೀ ಕ್ಲಾಸಿನ ಎದುರು ಎದ್ದು ನಿಂತಿದ್ದೇನೆ.

ಅದು ಐವತ್ತರ ದಶಕ, ನಾವಿನ್ನೂ ಮುಂಬಯಿ ರಾಜ್ಯಕ್ಕೆ ಸೇರಿದ್ದ ಕಾಲ. ಗಜೇಂದ್ರಗಡದ ನಮ್ಮ ಓಣಿಯಲ್ಲಿ ಮಗ್ಗವಿಲ್ಲದ ಮನೆಯೇ ಇರಲಿಲ್ಲ. ಅಪ್ಪ ಸೀರೆ ನೇಯುತ್ತಿದ್ದ. ಅವ್ವ ಮತ್ತು ಅಪ್ಪನ ತಾಯಿ, ಅಂದರೆ ನಮ್ಮ ಆಯಿ, ನೂಲು ಸುತ್ತಿ ಕೊಡುತ್ತಿದ್ದರು. ಅಕ್ಕನನ್ನು ನರಗುಂದಕ್ಕೆ ಕೊಟ್ಟಿತ್ತು. ಭಾವ ಅಲ್ಲಿ ಕಾಳಿನ ಪೇಟೆಯ ಅಂಗಡಿಯೊಂದರಲ್ಲಿ ಗುಮಾಸ್ತ. ನಾನು ಹೈಸ್ಕೂಲಿಗೆ ಹೋಗುತ್ತಿದ್ದೆ. ಕ್ಲಾಸಿನಲ್ಲಿ ಮೂರೇ ಹುಡುಗಿಯರು, ಅವರಲ್ಲಿ ಮಗ್ಗದ ಮನೆಯವಳು ನಾನೊಬ್ಬಳೇ. ‘ಸಾಕಿನ್ನ ಈ ಸಾಲಿ’ ಎಂದು ಆಯಿ ವಾರಕ್ಕೊಮ್ಮೆಯಾದರೂ ಅನ್ನುತ್ತಿದ್ದಳು. ಅಪ್ಪ ಕೇಳಿಸದವನ ಹಾಗೆ ಲಾಳಿ ಒಗೆಯುತ್ತ ಕೂತಿರುತ್ತಿದ್ದ.

ಇಂಗ್ಲಿಷ್ ಮಾಸ್ತರರು ದಿನಕ್ಕೊಂದು ಪದವನ್ನು ಹಲಗೆಯ ಮೇಲೆ ಬರೆಯುತ್ತಿದ್ದರು. ಅದನ್ನು ಸೇರಿಸಿ ಒಬ್ಬೊಬ್ಬರೂ ಒಂದು ವಾಕ್ಯ ಹೇಳಬೇಕು. ತಪ್ಪಿದವರು ನಿಂತುಕೊಳ್ಳಬೇಕು, ಸರಿಯಾಗುವ ತನಕ ಮರುದಿನವೂ ಅದೇ ಪದಕ್ಕೆ ವಾಕ್ಯ ಹೇಳಬೇಕು. ‘ಎಕ್ಸೆಸಿವ್’ ಬಂದ ದಿನ ನಾನು ದೊಡ್ಡ ಧೈರ್ಯದಿಂದ ಎದ್ದು, ನನ್ನ ಅಕ್ಕನಿಗೆ ಎಕ್ಸೆಸಿವ್ ಕೂದಲಿದೆ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಖರೇ ಮಾತು ಅದು, ಅಕ್ಕನ ಹೆರಳು ನಡುವಿಗಿಂತ ಕೆಳಗೆ ಬರುತ್ತಿತ್ತು.

ಮಾಸ್ತರರು ಕನ್ನಡಕ ತೆಗೆದು, ‘ಎಷ್ಟ ಇರಬೇಕಾಗಿತ್ತವಾ ಕೂದಲಾ? ಹೆಚ್ಚಾಗ್ಯಾವು, ಅರ್ಧಾ ನೀನs ಇಟಗೋ ಅಂದಳೇನು ನಿಮ್ಮಕ್ಕ?’ ಎಂದು ಕೇಳಿದರು. ಇಡೀ ಕ್ಲಾಸು ಹೊಟ್ಟೆ ಹಿಡಿದುಕೊಂಡು ನಕ್ಕಿತು. ನನಗೆ ನೆಲ ಬಿರಿಯಬಾರದೇ ಅನ್ನಿಸಿತು.

‘ಭಾಳ ಅನ್ನೂದು ಬ್ಯಾರೆ, ಇದು ಬ್ಯಾರೆ’ ಅಂದರು ಅವರು. ‘ಎಲ್ಲಾದಕ್ಕೂ ಇಷ್ಟ ಇರಬೇಕು ಅಂತ ಒಂದು ಅಳತಿ ಇರತದ. ಆ ಅಳತಿ ದಾಟಿ ಹೋತು ಅಂದ್ರ ಈ ಶಬ್ದ. ಮೊದಲ ಅಳತಿ ಎಷ್ಟು ಅಂತ ಕೇಳಕೋರಿ. ಅಳತಿ ಗೊತ್ತಿಲ್ಲಂದ್ರ ಈ ಶಬ್ದಾ ಮುಟ್ಟಬ್ಯಾಡ್ರಿ.’

ಎರಡನೆಯ ದಿನ ಅವ್ವನ ಪ್ರೀತಿ ಎಕ್ಸೆಸಿವ್ ಎಂದೆ, ನಿಂತೆ. ಮೂರನೆಯ ದಿನ ಗುಡ್ಡ ಎಕ್ಸೆಸಿವ್ ಎತ್ತರ ಎಂದೆ, ನಿಂತೆ. ನಾಲ್ಕನೆಯ ದಿನ ಸಿಟ್ಟು ನೆತ್ತಿಗೇರಿ, ನೂಲಿಗೆ ಹಾಕುವ ಗಂಜಿ ಎಕ್ಸೆಸಿವ್ ಆದರೆ ಎಳೆ ಗಡುಸಾಗಿ ಹರಿಯುತ್ತದೆ ಎಂದು ಒದರಿದೆ. ಮಾಸ್ತರರು ಸೀಮೆಸುಣ್ಣ ಕೆಳಗಿಟ್ಟರು. ‘ಹಾಂ! ಗಂಜಿಗೆ ಅಳತಿ ಐತಿ. ಕೂಡವಾ’ ಅಂದರು. ಆ ಒಂದು ‘ಕೂಡವಾ’ ಕೇಳಿ ನನಗೆ ಹೋದ ಜೀವ ಬಂದಂತಾಯಿತು.

ಅದೇ ಬೇಸಿಗೆಯಲ್ಲಿ ಅಕ್ಕ ಮೊದಲ ಹೆರಿಗೆಗೆ ತವರಿಗೆ ಬಂದಳು. ಹೆಣ್ಣು ಕೂಸು. ಹೆರಿಗೆ ಸುಸೂತ್ರವಾಗಿ ಆಯಿತು, ಸೂಲಗಿತ್ತಿ ಸೀರೆ ಉಡಿಸಿಕೊಂಡು ನಗುತ್ತ ಹೋದಳು. ಅಲ್ಲಿಂದ ಮುಂದಿನದು ಆಯಿಯ ಕಾರಭಾರ. ಅಡುಗೆಮನೆಯ ಪಕ್ಕದ ಕತ್ತಲೆ ಕೋಣೆಯಲ್ಲಿ ಹೊರಸು ಹಾಕಿ, ಅದರ ಕೆಳಗೆ ಕೆಂಡದ ಶೇಗಡಿ ಇಟ್ಟಳು. ಕಿಟಕಿಗೆ ಗೋಣಿಚೀಲ ತುರುಕಿದಳು. ಅಕ್ಕನ ಕಿವಿಗೆ ಅರಳೆ, ತಲೆಗೆ ಬಟ್ಟೆ, ಮೈಮೇಲೆ ಕೌದಿ. ಕುಡಿಯಲು ಮುಂಜಾನೆ ಒಂದು ಗುಟುಕು ಕಾಯಿಸಿದ ನೀರು, ಸಂಜೆ ಒಂದು ಗುಟುಕು. ಊಟಕ್ಕೆ ಒಣ ರೊಟ್ಟಿ, ಬೆಳ್ಳುಳ್ಳಿ ಖಾರ, ತುಪ್ಪ. ‘ಬಾಣಂತಿ ಅಂದ್ರ ಹಸೀ ಮೈ. ನೀರ ಕುಡದ್ರ ಸನ್ನಿ ಹಿಡೀತದ’ ಅನ್ನುವುದು ಆಯಿಯ ಕಾಯಿದೆ. ಓಣಿಯ ಎಲ್ಲ ಮನೆಗಳಲ್ಲೂ ಅದೇ ಕಾಯಿದೆ ಇತ್ತು, ಆದ್ದರಿಂದ ಯಾರಿಗೂ ಅದು ವಿಚಿತ್ರ ಅನ್ನಿಸಲಿಲ್ಲ. ಹೊರಗೆ ಬಿಸಿಲು ಎಷ್ಟಿತ್ತೆಂದರೆ ಮಧ್ಯಾಹ್ನ ನಾಯಿಗಳೂ ಬಚ್ಚಲ ಮೋರಿಯಿಂದ ಏಳುತ್ತಿರಲಿಲ್ಲ.

ನನಗೆ ಆ ಕೋಣೆಗೆ ಪ್ರವೇಶವಿರಲಿಲ್ಲ. ಮದುವೆಯಾಗದ ಹುಡುಗಿ ಬಾಣಂತಿಯ ಕೋಣೆಗೆ ಕಾಲಿಡಬಾರದು. ಹೊಸ್ತಿಲ ಹೊರಗೆ ನಿಂತು, ‘ಅಕ್ಕಾ, ಹೆಂಗದೀ?’ ಎಂದು ಕೇಳುತ್ತಿದ್ದೆ. ಮೊದಮೊದಲು ‘ಚಲೋ ಅದೀನಿ’ ಅನ್ನುತ್ತಿದ್ದಳು. ಆರನೆಯ ದಿನ ದನಿ ಕ್ಷೀಣವಾಯಿತು. ಏಳನೆಯ ದಿನ ಜ್ವರ ಬಂತು, ಎದೆಹಾಲು ನಿಂತಿತು, ಕೂಸಿಗೆ ಆಡಿನ ಹಾಲಲ್ಲಿ ಅದ್ದಿದ ಬಟ್ಟೆಯ ಬತ್ತಿ ಚೀಪಿಸಿದರು. ಎಂಟನೆಯ ದಿನ ಅಕ್ಕ ತುಂಡು ತುಂಡಾಗಿ ಮಾತಾಡತೊಡಗಿದಳು. ‘ಕೊಡಾ ಬಾವ್ಯಾಗ ಬಿತ್ತು, ಹಗ್ಗಾ ತರ್ರಿ, ಕೊಡಾ ಮುಳಗತೈತಿ’ ಎಂದು ಒಂದೇ ಸಮನೆ ಕನವರಿಕೆ.

‘ಅಯ್ಯ ನನ್ನ ಶಿವನs, ಸನ್ನಿ ಹತ್ತಿತು!’ ಎಂದು ಆಯಿ ಎದೆ ಬಡಿದುಕೊಂಡಳು. ಇನ್ನೊಂದು ಶೇಗಡಿ ತಂದು ಕಾಲ ಕಡೆ ಇಟ್ಟಳು. ಕೊಡುತ್ತಿದ್ದ ಎರಡು ಗುಟುಕು ನೀರನ್ನೂ ನಿಲ್ಲಿಸಿದಳು. ಅಕ್ಕನ ಬಾಯಲ್ಲಿ ಬಾವಿ, ಕೊಡ, ಹಗ್ಗ ಬಿಟ್ಟು ಬೇರೆ ಮಾತೇ ಇರಲಿಲ್ಲ. ನಾವೆಲ್ಲ ಅದನ್ನು ಕೇಳಿದೆವು, ಸನ್ನಿ ಅಂದುಕೊಂಡೆವು. ನಾನೂ ಅಂದುಕೊಂಡೆ, ಸುಳ್ಳೇಕೆ ಹೇಳಲಿ.

ಅಪ್ಪ ಮರುದಿನ ಮೊದಲನೆಯ ಬಸ್ಸು ಹಿಡಿದು ರೋಣಕ್ಕೆ ಹೋದ. ಅಲ್ಲಿ ಹೊಸದಾಗಿ ಒಬ್ಬ ಡಾಕ್ಟರಬಾಯಿ ಬಂದಿದ್ದರು, ಮದರಾಸಿನ ಕಡೆಯವರು. ಅವರಿಗೆ ಕನ್ನಡ ಬಾರದು, ಅಪ್ಪನಿಗೆ ಇಂಗ್ಲಿಷ್ ಬಾರದು. ನಡುವೆ ನಿಂತ ಕಂಪೌಂಡರ ಗಂಡಸು. ಹೆಣ್ಣುಮಕ್ಕಳ ವಿಷಯ ಅವನ ಮುಂದೆ ಬಾಯಿಬಿಟ್ಟು ಹೇಳಲಾರದೆ ಅಪ್ಪ, ‘ಮಗಳು ಬಾಣಂತಿ ಅದಾಳ್ರಿ, ಜ್ವರಾ ಬಂದಾವ್ರಿ’ ಎಂದಷ್ಟೇ ಹೇಳಿ ನೆಲ ನೋಡುತ್ತ ನಿಂತನಂತೆ. ಎರಡು ಗಂಟೆಯ ಸುಮಾರಿಗೆ ತಿರುಗಿ ಬಂದು ಡಾಕ್ಟರಬಾಯಿಯ ಮಾತು ಹೇಳಿದ. ಬಾಣಂತಿಯ ಸ್ಥಿತಿಯನ್ನೆಲ್ಲ ಇಂಗ್ಲಿಷಿನಲ್ಲಿ ಬರೆಸಿಕೊಂಡು ನಾಳೆ ಮುಂಜಾನೆ ಬರಬೇಕು. ರಕ್ತ ಮಿತಿಮೀರಿ ಹೋಗುತ್ತಿದ್ದರೆ ಚಕ್ಕಡಿಯಲ್ಲಿ ಮಲಗಿಸಿಕೊಂಡು ರೋಣಕ್ಕೆ ಕರೆತರಬೇಕು. ಇಲ್ಲವಾದರೆ ಅವರೇ ಬಂದು ನೋಡುತ್ತಾರೆ. ಯಾವುದು ಎಂದು ಅವರು ಕಾಗದ ಓದಿ ತೀರ್ಮಾನಿಸುತ್ತಾರೆ.

‘ಮಾಸ್ತರ ಕಡಿಂದ ಬರಸೂಣೇನು?’ ಅಂದ ಅಪ್ಪ.

‘ಏನ ಮಾತಾಡ್ತೀರಿ? ಗಂಡಸರ ಮುಂದ ಇದನ್ನೆಲ್ಲಾ ಹೇಳೂದs?’ ಎಂದು ಅವ್ವ ನನ್ನ ಕಡೆ ನೋಡಿದಳು. ಆಯಿಯೂ ನೋಡಿದಳು. ವಾರಕ್ಕೊಮ್ಮೆ ಸಾಲಿ ಬಿಡಿಸುತ್ತಿದ್ದ ಆಯಿ, ‘ಬರಿಯವಾ ತಂಗಿ. ಈ ಮನ್ಯಾಗ ಮತ್ಯಾರಿಗೆ ಬರತೈತಿ?’ ಅಂದಳು. ಆ ಬಿಸಿಲಲ್ಲಿ ಅಷ್ಟು ದೂರ ಚಕ್ಕಡಿಯಲ್ಲಿ ಹಾಕಿಕೊಂಡು ಹೋದರೆ ಅಕ್ಕ ಉಳಿಯುತ್ತಾಳೆಯೇ? ಕರೆದೊಯ್ಯಬೇಕಾದವಳನ್ನು ಇಲ್ಲೇ ಇಟ್ಟುಕೊಂಡರೆ ಉಳಿಯುತ್ತಾಳೆಯೇ? ಎರಡೂ ನಾನು ಬರೆಯುವ ಕಾಗದದ ಮೇಲೆ ನಿಂತಿದ್ದವು.

ನೋಟಬುಕ್ಕಿನ ಹಾಳೆ ಹರಿದುಕೊಂಡು ಕೂತೆ. ‘ರಕ್ತ ಎಷ್ಟು ಹೋಗೈತಿ?’ ಎಂದು ಅವ್ವನನ್ನು ಕೇಳಿದೆ.

‘ಭಾಳ ಹೋಗೈತಿ’ ಅಂದಳು ಅವ್ವ.

ನನಗೆ ಥಟ್ಟನೆ ಸಿಟ್ಟು ಬಂತು. ‘ಭಾಳ ಅಂದ್ರ ಎಷ್ಟು? ನಾ ಹುಟ್ಟಿದಾಗ ನಿನಗ ಎಷ್ಟು ಹೋಗಿತ್ತು?’

‘ನಾಚಿಕಿ ಇಲ್ಲದಾಕಿ! ಏನ ಕೇಳ್ತಾಳ ನೋಡು’ ಎಂದು ಅವ್ವ ಸೆರಗು ಬಾಯಿಗೆ ಹಿಡಿದಳು. ನಾನು ಬಿಡಲಿಲ್ಲ. ದಿನಕ್ಕೆ ಎಷ್ಟು ಬಟ್ಟೆ ಬದಲಾಯಿಸಿದಿರಿ ಎಂದು ಕೆದಕಿ ಕೆದಕಿ ಕೇಳಿದೆ. ಮೊದಲ ದಿನ ಆರೇಳು, ಮೂರನೆಯ ದಿನ ನಾಲ್ಕು, ಈಗ ಒಂದು, ಹೆಚ್ಚೆಂದರೆ ಎರಡು. ಅವ್ವನಿಗೂ ನನ್ನ ವೇಳೆಗೆ ಹೆಚ್ಚುಕಡಿಮೆ ಇಷ್ಟೇ ಹೋಗಿತ್ತಂತೆ. ಹಾಗಾದರೆ ರಕ್ತ ಎಕ್ಸೆಸಿವ್ ಅಲ್ಲ. ಬರೆದೆ. ಮೂತ್ರಕ್ಕೆ ಹೋದದ್ದು ನಿನ್ನೆಯಿಂದ ಒಂದೇ ಸಲ ಎಂದೂ ಅವ್ವ ಹೇಳಿದಳು. ಅದಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೋ ಯಾವ ಮಾಸ್ತರೂ ಕಲಿಸಿರಲಿಲ್ಲ, ‘ವಾಟರ್ ಔಟ್‌ಸೈಡ್ ಓನ್ಲಿ ಒನ್ ಟೈಮ್’ ಎಂದು ಬರೆದೆ.

ಬಾಯಾರಿಕೆಯ ಮಾತು ಬಂತು. ಅಕ್ಕ ಕಣ್ಣು ಬಿಟ್ಟಾಗಲೆಲ್ಲ ನೀರು ನೀರು ಅನ್ನುತ್ತಾಳೆ ಅಂದಳು ಅವ್ವ. ‘ಅವಳ ಬಾಯಾರಿಕೆ ಎಕ್ಸೆಸಿವ್’ ಎಂದು ಬರೆದೆ. ಬರೆದ ಮೇಲೆ ಪೆನ್ನು ಮುಂದೆ ಹೋಗಲಿಲ್ಲ. ಯಾವುದಕ್ಕಿಂತ ಹೆಚ್ಚು? ಆ ಕೋಣೆಯಲ್ಲಿ ಎಷ್ಟು ಬಾಯಾರಬೇಕು ಅನ್ನುವುದೇ ನನಗೆ ಗೊತ್ತಿರಲಿಲ್ಲ.

ಎದ್ದು ನೇರ ಕೋಣೆಗೆ ಹೋದೆ. ‘ಏ, ಹೊಸ್ತಲಾ ದಾಟಬ್ಯಾಡ! ನಿನಗೇನ ಬುದ್ಧಿ ಐತೋ ಇಲ್ಲೋ?’ ಎಂದು ಆಯಿ ಕೂಗಿದಳು. ‘ನೋಡಲಾರದ ಹ್ಯಾಂಗ ಬರೀಲಿ?’ ಎಂದು ನಾನೂ ಅಷ್ಟೇ ಜೋರಾಗಿ ಕೂಗಿ ಒಳಗೆ ನುಗ್ಗಿದೆ. ಆಯಿಗೆ ನಾನು ತಿರುಗಿ ಕೂಗಿದ್ದು ಅದೇ ಮೊದಲು.

ಒಳಗಿನ ಧಗೆ ಮುಖಕ್ಕೆ ಬಡಿಯಿತು. ಹೊಗೆಗೆ ಕಣ್ಣು ಬಿಡಲಾಗಲಿಲ್ಲ. ಹೊರಸಿನ ಕೆಳಗೊಂದು, ಕಾಲ ಕಡೆಗೊಂದು ಶೇಗಡಿ ನಿಗಿನಿಗಿ ಉರಿಯುತ್ತಿದ್ದವು. ಅಕ್ಕನ ತುಟಿಗಳು ಒಡೆದು ಕಪ್ಪಾಗಿದ್ದವು. ನಾಲಗೆ ಮೇಲೆತ್ತಿ ‘ನೀ’ ಅಂದಳು, ‘ರು’ ಹೊರಡಲಿಲ್ಲ. ಬೆವರು ಕೂಡ ಇರಲಿಲ್ಲ ಆಕೆಯ ಹಣೆಯ ಮೇಲೆ. ನಾನು ಅಲ್ಲಿ ನಿಂತದ್ದು ಎಷ್ಟು ಹೊತ್ತು? ಒಂದು ಶೇಂಗಾ ಸುಲಿದು ತಿನ್ನುವಷ್ಟು ಹೊತ್ತು ಇರಬಹುದು. ಹೊರಗೆ ಬಂದವಳೇ ಮಾತಿಲ್ಲದೆ ಕೊಡದ ಹತ್ತಿರ ಹೋಗಿ ಎರಡು ತಂಬಿಗೆ ನೀರು ಗಟಗಟ ಕುಡಿದೆ. ಮೂರನೆಯದನ್ನು ತುಂಬುವಾಗ ಕೈ ನಿಂತಿತು.

ಆ ಕೋಣೆಯಲ್ಲಿ ಚಣಹೊತ್ತು ನಿಂತವಳಿಗೆ ಎರಡು ತಂಬಿಗೆ ಬೇಕಾಯಿತು. ಒಂಬತ್ತು ದಿನ ಮಲಗಿದವಳಿಗೆ? ಅಕ್ಕನ ಬಾಯಾರಿಕೆ ಹೆಚ್ಚಿನದಲ್ಲ, ಅಷ್ಟು ಇರಲೇಬೇಕು. ಹೆಚ್ಚಾದದ್ದು ಬೇರೆ.

ಕೂತು ಆ ವಾಕ್ಯವನ್ನು ಹೊಡೆದುಹಾಕಿದೆ. ಬಾಯಾರಿಕೆ ಎಕ್ಸೆಸಿವ್ ಅಲ್ಲ ಎಂದು ಬರೆದೆ. ಅದರ ಕೆಳಗೆ, ಬೆಂಕಿ ಎಕ್ಸೆಸಿವ್ ಎಂದು ಬರೆದೆ. ಎರಡು ಶೇಗಡಿ, ಮುಚ್ಚಿದ ಕಿಟಕಿ, ಮೊದಲು ದಿನಕ್ಕೆ ಎರಡು ಗುಟುಕು, ಈಗ ಅದೂ ಇಲ್ಲ ಎಂದು ಬಂದಷ್ಟು ಇಂಗ್ಲಿಷಿನಲ್ಲಿ ಸೇರಿಸಿದೆ. ನಾನು ಬರೆಯುತ್ತಿದ್ದದ್ದು ಆಯಿಯ ಮೇಲಿನ ಫಿರ್ಯಾದು. ಹೆತ್ತ ಮಗನಂತೆ ನಮ್ಮನ್ನೂ ಸಾಕಿದ ಮುದುಕಿ. ನಾಲ್ಕು ದಿನದಿಂದ ಕಣ್ಣಿಗೆ ಕಣ್ಣು ಹಚ್ಚದೆ ಅಕ್ಕನ ಕಾಲು ತಿಕ್ಕುತ್ತಿದ್ದವಳು. ಆಕೆ ಹತ್ತಿರ ಬಂದು ಹಾಳೆಯ ಮೇಲೆ ಬಗ್ಗಿ, ‘ಏನ ಬರದಿ?’ ಅಂದಳು.

‘ಎಲ್ಲಾ ಬರದೀನಿ ಆಯಿ’ ಅಂದೆ.

‘ಚಂದ ಆಗೈತಿ ಅಕ್ಷರಾ’ ಅಂದಳು. ನಾನು ಹಾಳೆ ಮಡಿಚಿಟ್ಟೆ. ಆಗಲೇ ಒಂದು ತಂಬಿಗೆ ನೀರು ಒಯ್ದು ಅಕ್ಕನ ಬಾಯಿಗೆ ಹಿಡಿಯುವ ಧೈರ್ಯ ನನಗೆ ಬರಲಿಲ್ಲ. ಸನ್ನಿಯ ಹೆದರಿಕೆ ನನ್ನೊಳಗೂ ಅಷ್ಟು ಬೇರು ಬಿಟ್ಟಿತ್ತು. ಕಾಗದಕ್ಕೆ ಹೇಳಿದ್ದನ್ನು ಮನೆಯಲ್ಲಿ ಹೇಳಲಾಗಲಿಲ್ಲ ಎಂಬುದಕ್ಕೆ ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟಿದೆ.

ಮರುದಿನ ಮುಂಜಾನೆ ಅಪ್ಪ ಕಾಗದ ಒಯ್ದ. ಹನ್ನೆರಡು ಗಂಟೆ, ಒಂದು ಗಂಟೆ. ಅಕ್ಕನ ಕನವರಿಕೆ ನಿಂತಿತ್ತು, ಅದು ಇನ್ನೂ ಹೆದರಿಕೆ ತಂದಿತು. ಅವ್ವ ಕೂಸನ್ನು ಎತ್ತಿಕೊಂಡು ಬಾಗಿಲಿಗೂ ಕೋಣೆಗೂ ಓಡಾಡುತ್ತಿದ್ದಳು. ಎರಡರ ಬಸ್ಸಿಗೆ ಅಪ್ಪ ಬಂದ. ಅವನ ಹಿಂದೆ ಬಿಳಿ ಸೀರೆಯ, ಕುಳ್ಳಗಿನ, ದಪ್ಪ ಗಾಜಿನ ಚಾಳೀಸು ಹಾಕಿದ ಹೆಂಗಸೊಬ್ಬರು ಚೀಲ ಹಿಡಿದು ದಡದಡ ನಡೆದು ಬರುತ್ತಿದ್ದರು.

ಡಾಕ್ಟರಬಾಯಿ ಕೋಣೆಯ ಬಾಗಿಲಲ್ಲಿ ಒಂದು ಗಳಿಗೆ ನಿಂತರು. ಆಮೇಲೆ ಚೀಲ ಕೆಳಗಿಟ್ಟು ತಾವೇ ಒಳಗೆ ಹೋಗಿ ಗೋಣಿಚೀಲ ಕಿತ್ತೊಗೆದರು. ಕೋಣೆಗೆ ಬೆಳಕು ಬಂತು. ಅವರಿಗೆ ಬರುತ್ತಿದ್ದ ಕನ್ನಡವೇ ನಾಲ್ಕು ಮಾತು, ಅದನ್ನೆಲ್ಲ ಒಂದೇ ಸಲ ಬಳಸಿದರು: ‘ಬೆಂಕಿ ಹೊರಗೆ! ನೀರು ತಾ!’

‘ಬ್ಯಾಡ್ರಿ ಬಾಯಾರs, ಸನ್ನಿ ಹೆಚ್ಚಾಕ್ಕೈತಿ, ನಿಮ್ಮ ಕಾಲ ಬೀಳ್ತೀನಿ’ ಎಂದು ಆಯಿ ಅಡ್ಡ ನಿಂತಳು. ಡಾಕ್ಟರಬಾಯಿ ಇಂಗ್ಲಿಷಿನಲ್ಲಿ ಏನೋ ಹೇಳಿ ನನ್ನ ಕಡೆ ನೋಡಿದರು. ನನಗೆ ಅರ್ಧ ತಿಳಿಯಿತು, ಅರ್ಧ ಊಹಿಸಿದೆ. ‘ಇದು ಸನ್ನಿ ಅಲ್ಲಂತ ಆಯಿ. ನೀರಿಲ್ದ ಹಿಂಗಾಗೇದಂತ. ಇವತ್ತ ಕುಡೀಲಿಲ್ಲಂದ್ರ ನಾಳೆ ಅಕ್ಕ ಇರೂದಿಲ್ಲಂತ’ ಎಂದೆ. ಆಯಿ ಗೋಡೆಗೆ ಒರಗಿ ಕುಸಿದು ಕೂತಳು.

ಅಪ್ಪ ಎರಡೂ ಶೇಗಡಿಗಳನ್ನು ಬರಿಗೈಲಿ ಎತ್ತಿ ಅಂಗಳಕ್ಕೆ ಒಯ್ದ, ಕೈ ಸುಟ್ಟದ್ದು ಅವನಿಗೆ ಸಂಜೆ ಗೊತ್ತಾಯಿತು. ಕಾಯಿಸಿ ಆರಿಸಿದ ನೀರಿಗೆ ಚಿಟಿಕೆ ಉಪ್ಪು, ಒಂದಿಷ್ಟು ಸಕ್ಕರೆ ಹಾಕಿಸಿ, ಡಾಕ್ಟರಬಾಯಿ ಚಮಚೆಯಿಂದ ಅಕ್ಕನ ಬಾಯಿಗೆ ಬಿಟ್ಟರು. ಒಂದು, ಎರಡು. ಮೂರನೆಯ ಚಮಚೆ ಬರುವಷ್ಟರಲ್ಲಿ ಅಕ್ಕ ತಾನೇ ಕತ್ತು ಮುಂದೆ ಚಾಚಿದಳು. ಬಟ್ಟಲು ಮುಗಿಯಿತು, ಇನ್ನೊಂದು ಬಂತು. ನಡುವೆ ಒಂದು ಸೂಜಿ ಚುಚ್ಚಿದರು. ಅಷ್ಟಾದ ಮೇಲೆ ನನ್ನನ್ನು ಕರೆದು, ಕಾಗದ ಬರೆದವಳು ನೀನೇನು ಎಂದು ಕೇಳಿದರು. ರಕ್ತ ಎಕ್ಸೆಸಿವ್ ಎಂದು ಬರೆದಿದ್ದರೆ ಚಕ್ಕಡಿಯಲ್ಲಿ ಹಾಕಿಕೊಂಡು ಬನ್ನಿ ಅನ್ನುತ್ತಿದ್ದೆ, ಈ ಬಿಸಿಲಲ್ಲಿ ದಾರಿಯಲ್ಲೇ ಮುಗಿಯುತ್ತಿತ್ತು ಅಂದರು. ಬೆಂಕಿ ಎಂಬಲ್ಲಿ ಕಣ್ಣು ಬಿದ್ದ ತಕ್ಷಣ ಬಸ್ಸಿನ ವೇಳೆ ಕೇಳಿದೆ ಅಂದರು. ನಾನು ಗೊಳೋ ಎಂದು ಅತ್ತುಬಿಟ್ಟೆ.

ದೀಪ ಹಚ್ಚುವ ಹೊತ್ತಿಗೆ ಅಕ್ಕನ ಹಣೆಯ ಮೇಲೆ ಬೆವರು ಮೂಡಿತು. ಅವ್ವ ಆ ಬೆವರನ್ನು ಮುಟ್ಟಿ ಮುಟ್ಟಿ ನೋಡಿದಳು. ಅಕ್ಕ ಕಣ್ಣು ತೆರೆದು, ಅವ್ವನನ್ನೇ ನೋಡಿ, ‘ಕೂಸೆಲ್ಲಿ?’ ಅಂದಳು. ಸ್ಪಷ್ಟವಾಗಿ ಅಂದಳು. ಅಪ್ಪ ಹೋಗಿ ಮಗ್ಗದ ಮೇಲೆ ಕೂತ. ನೇಯಲಿಲ್ಲ, ಸುಮ್ಮನೆ ಲಾಳಿಯ ಹಗ್ಗ ಹಿಡಿದು ಕೂತು ಕಣ್ಣೊರೆಸಿಕೊಳ್ಳುತ್ತಿದ್ದ. ಅಷ್ಟು ನಿರಾಳ ನನಗೆ ಮುಂದೆ ಪರೀಕ್ಷೆ ಪಾಸಾದಾಗಲೂ ಆಗಲಿಲ್ಲ, ಮಾಸ್ತರಿಕೆಯ ಕೆಲಸ ಸಿಕ್ಕಾಗಲೂ ಆಗಲಿಲ್ಲ. ಎರಡು ದಿನದ ಹಸಿವೆ ಒಮ್ಮೆಲೇ ಬಂದು, ನಾಲ್ಕು ರೊಟ್ಟಿ ತಿಂದೆ.

ಆಯಿ ಮಾತ್ರ ಎರಡು ದಿನ ಮೂಲೆ ಹಿಡಿದು ಕೂತಳು. ಮೂರನೆಯ ದಿನ ಮುಂಜಾನೆ ಅಕ್ಕ ಗೋಡೆಗೆ ಒರಗಿ ಕೂತು ಕೂಸಿಗೆ ಹಾಲು ಕುಡಿಸುತ್ತಿದ್ದಳು. ಬಾಗಿಲು, ಕಿಟಕಿ ಎರಡೂ ತೆರೆದಿದ್ದವು. ನಾನು ಹೊಸ್ತಿಲ ಮೇಲೆ ಕೂತಿದ್ದೆ, ಯಾರೂ ಏಳು ಅನ್ನಲಿಲ್ಲ. ಆಯಿ ಒಂದು ತಂಬಿಗೆ ನೀರು ಹಿಡಿದು ಒಳಗೆ ಬಂದಳು. ಅಕ್ಕನ ಮುಂದೆ ಇಟ್ಟು, ಅಲ್ಲೇ ನಿಂತಳು.

‘ನಾನೂ ಕುಡದಿದ್ನಿ’ ಅಂದಳು.

‘ಏನ್ರಿ ಅತ್ತಿ?’ ಅಂದಳು ಅವ್ವ.

‘ನೀರು. ನನ್ನ ಮೂರೂ ಬಾಣಂತನದಾಗ. ಬಚ್ಚಲದಾಗ ನಮ್ಮತ್ತಿ ತಲೀ ಮ್ಯಾಲ ನೀರ ಸುರೀವಾಗ ಬಾಯಿ ತಗದು ಕುಡೀತಿದ್ನಿ. ಆಕಿಗೆ ಗೊತ್ತs ಆಗಲಿಲ್ಲ. ನನ್ನ ಬೆಂಕೀಲೆ ಉಳದಳು ಅಂತ ಸಾಯೂತನಕಾ ಊರೆಲ್ಲಾ ಹೇಳಿಕೋತ ಹೋದಳು. ಕದ್ದು ಕುಡದೀನಿ ಅಂತ ನಾ ಯಾವ ಬಾಯೀಲೆ ಹೇಳಲಿ? ಹೇಳದs ಹೇಳದs ನಾನೂ ಅದನ್ನ ಖರೇ ಅಂತ ನಂಬಿದ್ನಿ.’

ಅವ್ವ ಸಿಟ್ಟಾಗುತ್ತಾಳೆ ಎಂದು ನಾನು ಕಾದೆ. ಅವ್ವನ ಭುಜ ಅಲುಗತೊಡಗಿತು. ಅಳುತ್ತಿದ್ದಾಳೆ ಅಂದುಕೊಂಡೆ, ನೋಡಿದರೆ ನಗು.

‘ನಾನೂ ಕುಡದೀನ್ರಿ ಅತ್ತಿ’ ಎಂದು ನನ್ನ ಕಡೆ ಕೈಮಾಡಿದಳು. ‘ಇಕಿ ಹುಟ್ಟಿದಾಗ. ಕೋಣಿ ಮೂಲ್ಯಾಗ ನೂಲು ತೋಯಿಸೂ ಬೋಗುಣಿ ಇಟ್ಟಿದ್ರೆಲಾ, ಅದರಾಗಿಂದ. ನೀವು ಮಜ್ಜಿಗಿ ಕಡ್ಯಾಕ ಹೋದಾಗೊಮ್ಮೆ.’

ಆಯಿ ಬಾಯಿ ತೆರೆದು ಸೊಸೆಯನ್ನೇ ನೋಡಿದಳು. ‘ಅದs ಮತ್ತ! ದಿನಾ ಬೋಗುಣಿ ಖಾಲಿ ಆಗತಿತ್ತು. ಸೋರತೈತಿ ಅಂತ ಬೆಸಿಗಿ ಹಾಕಿಸಿದ್ನೆಲ್ಲೇ!’

ಮೂವರೂ ನಕ್ಕೆವು. ಆಯಿ ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಕ್ಕ ನಗಲಿಲ್ಲ. ತಂಬಿಗೆ ಎತ್ತಿ ಒಂದೇ ಉಸಿರಿಗೆ ಅರ್ಧ ಕುಡಿದು, ಮೂಗಿನ ತುದಿಯ ಹನಿ ಒರೆಸಿಕೊಂಡು, ಒಬ್ಬೊಬ್ಬರ ಮುಖವನ್ನೂ ನೋಡಿದಳು. ನಮ್ಮ ಮನೆಯಲ್ಲಿ ಆ ಕಾಯಿದೆಯನ್ನು ಅಕ್ಷರಶಃ ಪಾಲಿಸಿದವಳು ಅಕ್ಕ ಒಬ್ಬಳೇ.

‘ನನಗೊಬ್ಬಾಕಿಗೆ ಹೇಳಿದ್ರ ಏನಾಗತಿತ್ರೆಬೇ?’ ಎಂದು ಕೇಳಿ, ಉಳಿದರ್ಧವನ್ನೂ ಕುಡಿದಳು.